ಮೇಲ್ಮನವಿಗೆ ದಕ್ಕದ ಆದೇಶ: ಮಕ್ಕಳ ರಕ್ಷಣಾ ಕಾನೂನಿನಲ್ಲಿ ಉಳಿದುಬಂದ ಒಂದು ತಡೆ

ಬಸವಕಲ್ಯಾಣ, ಹುಮನಾಬಾದ್‌ಗಳ ನಡುವಿನ ರಾಜೇಶ್ವರ ಪುಣೆ–ಹೈದರಾಬಾದ್ ಹೆದ್ದಾರಿಯ ಊರು. ದುಡಿಮೆಗೆಂದು ಗುಳೆ ಹೋಗುವವರ ದಾರಿ ಇದು. ಈ ದಾರಿಯಲ್ಲಿ ಒಂಟಿ ಮಗುವೊಂದು ಸಿಕ್ಕಿತೆನ್ನೋಣ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಅದನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಮಗುವನ್ನು ಬಾಲಮಂದಿರಕ್ಕೆ ಕಳಿಸಿದರೆ, ಒಪ್ಪದವರು 30 ದಿನಗಳಲ್ಲಿ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಆದರೆ ‘ಈ ಮಗುವಿಗೆ ಪಾಲನೆ, ರಕ್ಷಣೆಯ ಅಗತ್ಯವಿಲ್ಲ’ ಎಂದು ಸಮಿತಿ ತೀರ್ಮಾನಿಸಿದರೆ ಮಗುವಿನ ಅಜ್ಜಿಗಾಗಲಿ, ಶಾಲೆಯ ಮಾಸ್ತರರಿಗಾಗಲಿ ಮೇಲ್ಮನವಿಯ ಹಕ್ಕಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 101ನೇ ಕಲಮಿನ ಮೂರನೇ ಉಪಕಲಮು ಅದನ್ನು ನೇರವಾಗಿ ನಿಷೇಧಿಸಿದೆ.

ಈ ತಡೆ 2015ರಲ್ಲಿ ಹುಟ್ಟಿದ್ದಲ್ಲ. ಕೇಂದ್ರಾಡಳಿತ ಪ್ರದೇಶಗಳಿಗೆಂದು ಬಂದ 1960ರ ಮಕ್ಕಳ ಕಾಯ್ದೆಯಲ್ಲಿ ಇದು ಇತ್ತು. ಅಲ್ಲಿಂದ 1986ರ ಬಾಲನ್ಯಾಯ ಕಾಯ್ದೆಯ 37ನೇ ಕಲಮಿಗೆ, ಮತ್ತೆ 2000ದ ಕಾಯ್ದೆಯ 52ನೇ ಕಲಮಿಗೆ ದಾಟಿತು. ಈ ದಾಟುವಿಕೆ ಎಷ್ಟು ಯಾಂತ್ರಿಕವಾಗಿತ್ತೆಂದರೆ, 2000ದ ಕಾಯ್ದೆ, ಪಾಲನೆ, ರಕ್ಷಣೆ ಬೇಕಾದ ಮಗುವಿನ ಹಳೆಯ ಹೆಸರಾದ ‘ನಿರ್ಲಕ್ಷಿತ ಬಾಲಕ’ ಎಂಬ ವರ್ಗವನ್ನೇ ಕೈಬಿಟ್ಟಿದ್ದರೂ ಮೇಲ್ಮನವಿಯ ಕಲಮಿನಲ್ಲಿ ಅದು ಹಾಗೇ ಉಳಿದಿತ್ತು. ಕರಡು ಬರೆದವರು ಈ ಸಾಲನ್ನು ಮತ್ತೆ ಓದಲಿಲ್ಲವೆಂದೇ ನನ್ನ ಅನುಮಾನ.

ರಾಜೇಶ್ವರ ಇರುವ ಬೀದರ್ ಪ್ರದೇಶ ಈ ಕಾನೂನುಗಳಿಗೆ ಬಂದದ್ದು ಬೇರೆ ದಾರಿಯಿಂದ. ಮೈಸೂರು ಸಂಸ್ಥಾನದಲ್ಲಿ 1943ರಲ್ಲೇ ಮಕ್ಕಳ ಕಾಯ್ದೆ ಬಂದಿತ್ತು. ಹೈದರಾಬಾದ್ ರಾಜ್ಯದಲ್ಲಿ ಅದು ಬಂದದ್ದು ನಿಜಾಮನ ಆಳ್ವಿಕೆ ಮುಗಿದ ಮೇಲೆ, 1951ರಲ್ಲಿ. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. 1964ರಲ್ಲಿ ರಾಜ್ಯದ ಹೊಸ ಮಕ್ಕಳ ಕಾಯ್ದೆ ರೂಪುಗೊಂಡಿತು. ದೇಶಕ್ಕೆಲ್ಲ ಒಂದೇ ಕಾಯ್ದೆ ಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಶೀಲಾ ಬರ್ಸೆ ಪ್ರಕರಣದಲ್ಲಿ, 1986ರಲ್ಲಿ. ಅದೇ ವರ್ಷ ಸಂಸತ್ತು ಕಾಯ್ದೆ ಮಾಡಿತು.

ತಡೆಯ ಹಿಂದಿನ ತರ್ಕವನ್ನು ಹುಡುಕಬೇಕಾದದ್ದು ಅದರ ಪಕ್ಕದ ಸಾಲಿನಲ್ಲಿ. 1960ರಿಂದ 2015ರವರೆಗಿನ ಈ ಕೇಂದ್ರ ಕಾಯ್ದೆಗಳಲ್ಲೆಲ್ಲ ತಡೆ ಜೋಡಿಯಾಗಿಯೇ ಬರುತ್ತದೆ: ಅಪರಾಧದ ಆರೋಪದಿಂದ ಬಿಡುಗಡೆಯಾದ ಬಾಲಕನ ವಿರುದ್ಧ ಮೇಲ್ಮನವಿಯಿಲ್ಲ; ನಿರ್ಲಕ್ಷಿತನಲ್ಲವೆಂದು ಸಾಬೀತಾದವನ ವಿಷಯದಲ್ಲೂ ಇಲ್ಲ. ಎರಡೂ ‘ಬಿಡುಗಡೆ’ಗಳೇ ಎಂಬುದು ಇಲ್ಲಿನ ನಂಬಿಕೆ. ಹಳೆಯ ಕಾಯ್ದೆಗಳ ಕಾಲದಲ್ಲಿ ಈ ನಂಬಿಕೆಗೆ ಅರ್ಥವಿತ್ತು. ನಿರ್ಲಕ್ಷಿತನೆಂಬ ಹಣೆಪಟ್ಟಿ ಬಿದ್ದ ಮಗು ವರ್ಷಗಟ್ಟಲೆ ಗೋಡೆಯೊಳಗೆ ಇರಬೇಕಾಗುತ್ತಿತ್ತು. ಅದರಿಂದ ತಪ್ಪಿಸಿಕೊಂಡದ್ದೇ ಲಾಭ. ಈಗಿನ ಕಾಯ್ದೆಯಲ್ಲಿ ಪೋಷಕತ್ವ, ಪ್ರಾಯೋಜಕತ್ವ, ದತ್ತು, ಪುನರ್ವಸತಿ ಎಲ್ಲವೂ ಮಗುವಿಗೆ ಸಲ್ಲಬೇಕಾದವು. ‘ಅಗತ್ಯವಿಲ್ಲ’ ಎಂಬ ತೀರ್ಮಾನ ಈಗ ಬಿಡುಗಡೆಯಲ್ಲ, ನಿರಾಕರಣೆ. ಜೋಡಿಯ ಮೊದಲ ಭಾಗವನ್ನು 2015ರಲ್ಲಿ ಸಡಿಲಿಸಲಾಯಿತು: 16 ತುಂಬಿದವರ ಮೇಲಿನ ಘೋರ ಅಪರಾಧದ ಪ್ರಕರಣದಲ್ಲಿ ಬಿಡುಗಡೆಯ ವಿರುದ್ಧವೂ ಮೇಲ್ಮನವಿ ಸಾಧ್ಯವಾಯಿತು. ಶಿಕ್ಷೆಯ ಕಡೆಯ ಬಾಗಿಲು ತೆರೆಯಿತು, ರಕ್ಷಣೆಯ ಕಡೆಯದು ಮುಚ್ಚಿಯೇ ಇದೆ. ಇದಕ್ಕೆ ಸಮರ್ಥನೆ ನನಗೆ ಕಾಣುವುದಿಲ್ಲ.

ಹಾಗಾದರೆ ಡಿಸಿ ಕಚೇರಿಗೆ ಅರ್ಜಿ ಹಾಕಬಹುದಲ್ಲ? 27ನೇ ಕಲಮಿನ ಹತ್ತನೇ ಉಪಕಲಮು ಜಿಲ್ಲಾ ದಂಡಾಧಿಕಾರಿಯಾದ ಡಿಸಿಯನ್ನು ಕುಂದುಕೊರತೆ ಪ್ರಾಧಿಕಾರಿಯಾಗಿಸಿದೆ. 2021ರ ತಿದ್ದುಪಡಿಯ ನಂತರ ಅಲ್ಲಿ ಕೇಳಬಹುದಾದದ್ದು ಸಮಿತಿಯ ಕಾರ್ಯವೈಖರಿಯ ದೂರು. ಸಭೆ ಸೇರಲಿಲ್ಲ, ಮಗುವಿನ ಮಾತು ಕೇಳಲಿಲ್ಲ ಎಂಬುದು ಅಲ್ಲಿಗೆ ಹೊಂದುತ್ತದೆ. ಆದೇಶವೇ ತಪ್ಪೆಂದರೆ ಹೊಂದುತ್ತದೆಯೇ ಎಂಬುದು ವಾದದ ವಿಷಯ. ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಅಧಿಕಾರವುಳ್ಳ ಪೀಠದ ತೀರ್ಪನ್ನು ಆಡಳಿತಾಧಿಕಾರಿ ತಿದ್ದುವುದು ಸುಲಭವಲ್ಲ.  2009ರಲ್ಲಿ ರಚನೆಯಾದ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ವಿಚಾರಣೆ ನಡೆಸಬಲ್ಲದು, ಆದರೆ ಕೊನೆಗೆ ಅದು ಶಿಫಾರಸು ಮಾಡಬೇಕು ಅಥವಾ ತಾನೇ ಹೈಕೋರ್ಟಿನ ಮೆಟ್ಟಿಲು ಹತ್ತಬೇಕು. ಜತೆಗೆ 99ನೇ ಕಲಮಿನ ಪ್ರಕಾರ ವರದಿಗಳು ಗೋಪ್ಯ. ಅವುಗಳ ಸಾರವನ್ನು ಪೋಷಕರಿಗೆ ತಿಳಿಸುವುದು ಸಮಿತಿಯ ವಿವೇಚನೆಗೆ ಬಿಟ್ಟದ್ದು. ಏನು ಬರೆದಿದ್ದಾರೆಂದೇ ಗೊತ್ತಿಲ್ಲದವರು ಏನೆಂದು ದೂರಬೇಕು?

ಉಳಿಯುವುದು 102ನೇ ಕಲಮಿನಡಿ ಹೈಕೋರ್ಟಿನ ಪುನರೀಕ್ಷಣೆ. ಹಿಂದೆ ಅದಕ್ಕಾಗಿ ರಾಜೇಶ್ವರದವರು ಬೆಂಗಳೂರಿಗೇ ಹೋಗಬೇಕಿತ್ತು. 2008ರಲ್ಲಿ ಗುಲಬರ್ಗಾದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಈ ಕಲಮಿನಲ್ಲಿ 30 ದಿನಗಳ ಗಡುವಿಲ್ಲ: ಹೈಕೋರ್ಟ್ ಯಾವಾಗ ಬೇಕಾದರೂ, ಅರ್ಜಿಯ ಮೇಲೆ ಅಥವಾ ಸ್ವಯಂಪ್ರೇರಣೆಯಿಂದ, ಸಮಿತಿಯ ಕಡತ ತರಿಸಿಕೊಳ್ಳಬಹುದು. 2018ರ ಸಂಪೂರ್ಣಾ ಬೆಹುರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳಿಗೆ ಈ ಕಾಯ್ದೆಯ ಜಾರಿಯ ಬಗ್ಗೆ ಸ್ವಯಂಪ್ರೇರಿತ ಪ್ರಕರಣ ದಾಖಲಿಸಿಕೊಳ್ಳಲು ಕೋರಿತ್ತು. ಮೇಲ್ಮನವಿಯ ಹಕ್ಕಿಲ್ಲದ ಅಜ್ಜಿಯ ಅರ್ಜಿಗೂ ಈ ಕಲಮಿನಲ್ಲಿ ಜಾಗವಿದೆ.