ದದ್ದು ಏಳುವ ಮೊದಲು: ದಡಾರವನ್ನು ಗುರುತಿಸಿದ ಚರಿತ್ರೆ

ಕಿವಿಯ ಹಿಂದೆ ಶುರುವಾಗಿ ಮುಖ, ಎದೆ, ಕೈಕಾಲುಗಳಿಗೆ ಇಳಿಯುವ ಕೆಂಪು ದದ್ದನ್ನು ಕಂಡರೆ ಮನೆಯ ಹಿರಿಯರೇ ದಡಾರವೆಂದು ಹೇಳಿಬಿಡುತ್ತಾರೆ. ಆದರೆ ದದ್ದು ಏಳುವುದಕ್ಕೆ ಸುಮಾರು ನಾಲ್ಕು ದಿನ ಮೊದಲೇ ಮಗುವಿನಿಂದ ಸೋಂಕು ಹರಡತೊಡಗಿರುತ್ತದೆ. ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ ಅದು ಪಕ್ಕದ ಮನೆಯ ತೊಟ್ಟಿಲನ್ನೂ ತಲುಪಿರಬಹುದು. ದಡಾರವನ್ನು ಗುರುತಿಸಿದ ಚರಿತ್ರೆಯೆಂದರೆ, ದದ್ದಿನಿಂದ ಹಿಂದಕ್ಕೆ ನಡೆದ ಹುಡುಕಾಟದ ಚರಿತ್ರೆ.

ಮೊದಲ ತೊಡಕು ಸಿಡುಬು. ನಮ್ಮಲ್ಲೂ ಹಲವೆಡೆ ಮೈಮೇಲೆ ಏಳುವ ಇಂಥ ಕಾಯಿಲೆಗಳಿಗೆಲ್ಲ ‘ಅಮ್ಮ’ ಎಂಬ ಒಂದೇ ಹೆಸರಿತ್ತು. ಪರ್ಷಿಯಾದ ವೈದ್ಯ ಅಲ್-ರಾಝಿ (ಮರಣ: 925) ಸಿಡುಬು ಮತ್ತು ದಡಾರಗಳ ಕುರಿತೇ ಅರಬ್ಬಿಯಲ್ಲಿ ಗ್ರಂಥವೊಂದನ್ನು ಬರೆದ. ಬೆನ್ನುನೋವು ಸಿಡುಬಿನಲ್ಲಿ ಹೆಚ್ಚು, ವಾಕರಿಕೆ ಮತ್ತು ಚಡಪಡಿಕೆ ದಡಾರದಲ್ಲಿ ಹೆಚ್ಚು ಎಂದು ಆತ ವಿಂಗಡಿಸಿದ. ಅಂದರೆ ಚರ್ಮಕ್ಕಿಂತ ಮೊದಲು ಜ್ವರವನ್ನೇ ಓದಲು ಯತ್ನಿಸಿದ.

1846ರಲ್ಲಿ ಫೆರೋ ದ್ವೀಪಗಳಿಗೆ ದಡಾರ ಬಂತು. 1781ರ ನಂತರ ಅಲ್ಲಿ ಅದರ ಸುಳಿವಿರಲಿಲ್ಲ. ಸುಮಾರು 7,800 ಜನರಲ್ಲಿ 6,000ದಷ್ಟು ಮಂದಿ ಮಲಗಿದರು. ಡೆನ್ಮಾರ್ಕ್ ಸರ್ಕಾರ ಕಳಿಸಿದ ತರುಣ ವೈದ್ಯ ಪೀಟರ್ ಪಾನುಂ ಹಳ್ಳಿಹಳ್ಳಿ ತಿರುಗಿ ದಿನಾಂಕಗಳನ್ನು ಕೂಡಿಹಾಕಿದ. ಜೂನ್ 4ರಂದು ಬೇರೊಂದು ಹಳ್ಳಿಗೆ ತಿಮಿಂಗಿಲ ಬೇಟೆಗೆಂದು ಒಂದೇ ದೋಣಿಯಲ್ಲಿ ಹೋಗಿದ್ದ ಹತ್ತು ಜನರಿಗೂ ಜೂನ್ 18ರಂದು ದದ್ದು ಎದ್ದಿತ್ತು. ಸೋಂಕು ತಗಲಿ ದದ್ದು ಕಾಣಲು ಸುಮಾರು 14 ದಿನ ಬೇಕೆಂಬುದು ಹೀಗೆ ಖಚಿತವಾಯಿತು. 1781ರಲ್ಲಿ ದಡಾರವಾಗಿದ್ದ ಮುದುಕರಿಗೆ ಅದು ಮತ್ತೆ ಬರಲಿಲ್ಲ ಎಂಬುದನ್ನೂ ಪಾನುಂ ದಾಖಲಿಸಿದ.

ಆದರೆ ಆ 14 ದಿನಗಳ ಕೊನೆಯಲ್ಲಿ, ಬರೀ ನೆಗಡಿಯಂತೆ ಕಾಣುವ ಮಗುವನ್ನು ಗುರುತಿಸುವುದು ಹೇಗೆ? 1896ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಹೆನ್ರಿ ಕೋಪ್ಲಿಕ್ ಬಾಯಿಯೊಳಗೆ ನೋಡಿ ಎಂದ. ಕೆನ್ನೆಯ ಒಳಬದಿಯಲ್ಲಿ, ದವಡೆ ಹಲ್ಲುಗಳ ಎದುರಿಗೆ, ಕೆಂಪು ನೆಲದ ಮೇಲೆ ಉಪ್ಪಿನ ಹರಳಿನಂಥ ನೀಲಿ-ಬಿಳಿ ಚುಕ್ಕೆಗಳು. ದದ್ದು ಏಳುವ ಒಂದೆರಡು ದಿನ ಮೊದಲೇ ಅವು ಮೂಡುತ್ತವೆ. ನೋಡಲು ಒಳ್ಳೆಯ ಬೆಳಕು ಸಾಕು. ಎಲ್ಲ ಮಕ್ಕಳಲ್ಲೂ ಅವು ಕಾಣಿಸುವುದಿಲ್ಲ, ಕಂಡರೂ ಬೇಗ ಮಾಯವಾಗುತ್ತವೆ.

1954ರಲ್ಲಿ ವೈರಸ್ ಕೈಗೆ ಸಿಕ್ಕಿತು, 1963ರಲ್ಲಿ ಲಸಿಕೆ ಬಂತು. 2017ರಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಎಷ್ಟೇ ಬೇಗ ಗುರುತಿಸಿದರೂ ದಡಾರ ಒಂದು ಹೆಜ್ಜೆ ಮುಂದೆಯೇ ಇರುತ್ತದೆ. ಅದಕ್ಕಿಂತ ಮುಂದೆ ನಿಲ್ಲಬಲ್ಲದ್ದು ಲಸಿಕೆ ಮಾತ್ರ. ಆದರೆ ಲಸಿಕೆ ತಪ್ಪಿದ ಮಗುವಿಗೆ ಜ್ವರ, ಕೆಮ್ಮು, ಸುರಿವ ಮೂಗು, ಕೆಂಪಾದ ಕಣ್ಣು ಒಟ್ಟಿಗೆ ಬಂದಾಗ, ದದ್ದಿಗಾಗಿ ಕಾಯದೆ ಆರೋಗ್ಯ ಕೇಂದ್ರಕ್ಕೆ ಮೊದಲೇ ತಿಳಿಸಿ, ಬೇರೆ ಮಕ್ಕಳಿಂದ ದೂರವಿರಿಸಿ ತೋರಿಸಬೇಕೆಂಬುದು ಈ ಚರಿತ್ರೆ ಕಲಿಸಿದ ಪಾಠ.