ಸುರಪುರದ ಶಿಲಾಸಮಾಧಿಗಳೂ ಐರಿಷ್ ವಂಶಾನ್ವೇಷಣೆಯೂ

ವಂಶವನ್ನು ಶೋಧಿಸುವವರಿಗೆ ಎರಡು ಮಾರ್ಗಗಳುಂಟು. ಮಗನಿಂದ ತಂದೆಗೆ, ತಂದೆಯಿಂದ ಅಜ್ಜನಿಗೆ ಹೆಸರು ಹಿಡಿದು ಹಿಂದಕ್ಕೆ ನಡೆಯುವುದು ಒಂದು. ಆಚಾರ ಆಕಾರಗಳ ಸಾಮ್ಯವನ್ನು ಕಂಡು ದೂರದ ಎರಡು ಜನಾಂಗಗಳನ್ನು ಒಂದೇ ಮೂಲದ ಸಂತತಿಯೆಂದು ಊಹಿಸುವುದು ಇನ್ನೊಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರಡನೆಯ ಮಾರ್ಗವು ಸುರಪುರ, ಶಹಾಪುರಗಳ ಬಯಲಿನಿಂದ ಹೊರಟು ಐರ್ಲೆಂಡ್ ದ್ವೀಪದವರೆಗೆ ಹೋಯಿತು. ಅದನ್ನು ಹಿಡಿದು ನಡೆದವನು ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. ಅವನು ಕಂಡುದೇನು, ಊಹಿಸಿದುದೇನು, ಅದರಲ್ಲಿ ನಿಲ್ಲತಕ್ಕುದೆಷ್ಟು ಎಂಬುದು ಇಲ್ಲಿ ವಿಚಾರಣೀಯವಾಗಿದೆ.

ಟೇಲರನು ಕ್ರಿ. ಶ. 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜನಿಸಿದನು. 1824ರಲ್ಲಿ ಭರತಖಂಡಕ್ಕೆ ಬಂದು ನಿಜಾಮನ ಸೇನೆಯನ್ನು ಸೇರಿದನು. ಅವನ ಮನೆತನವು ಡಬ್ಲಿನ್ ನಗರದ ಸಮೀಪದ ಹೆರಾಲ್ಡ್ಸ್ ಕ್ರಾಸ್‌ನಲ್ಲಿ ನೆಲೆಸಿತು. ಆದುದರಿಂದ ಐರ್ಲೆಂಡು ಅವನಿಗೆ ವಾಸಭೂಮಿಯೇ ಹೊರತು ಜನ್ಮಭೂಮಿಯಲ್ಲ. ಸುರಪುರದ ರಾಜಾ ಕೃಷ್ಣಪ್ಪ ನಾಯಕನು 1842ರಲ್ಲಿ ತೀರಿಕೊಂಡಾಗ ಅವನ ಮಗ ವೆಂಕಟಪ್ಪ ನಾಯಕನು ಬಾಲಕನಾಗಿದ್ದನು. 1853ರಲ್ಲಿ ಅಧಿಕಾರವು ರಾಜನ ಕೈಸೇರುವವರೆಗೂ ಟೇಲರನೇ ಸಂಸ್ಥಾನದ ಆಡಳಿತವನ್ನು ನಡೆಸಿದನು. ಆ ಅವಧಿಯಲ್ಲಿಯೇ ಈ ಸೀಮೆಯ ಪ್ರಾಚೀನ ಸಮಾಧಿಗಳು ಅವನ ಕಣ್ಣಿಗೆ ಬಿದ್ದುವು.

ರಾಜನಕೋಳೂರಿನಲ್ಲಿ ದೊಡ್ಡ ಚಪ್ಪಡಿಗಳನ್ನು ಗೋಡೆಗಳಾಗಿ ನಿಲ್ಲಿಸಿ, ಮೇಲೊಂದು ಬಂಡೆಯನ್ನು ಹೊದಿಸಿದ ಕಲ್ಮನೆಗಳಿವೆ. ಕೆಲವು ಒಂದು ಪಾರ್ಶ್ವದಲ್ಲಿ ತೆರೆದಿವೆ. ನಾಲ್ಕೂ ಕಡೆ ಮುಚ್ಚಿದವುಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ರಂಧ್ರವನ್ನು ಕೊರೆದಿರುವುದು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಗುಂಡುಕಲ್ಲುಗಳು ಸಾಲುಸಾಲಾಗಿ ಕ್ರಮವರಿತು ನಿಂತಿವೆ. ಭೀಮಾತೀರದ ಜೇವರ್ಗಿಯ ಕಡೆ ಟೇಲರನು ಅಗೆಯಿಸಿದ ಕಲ್ಗುಪ್ಪೆಗಳಲ್ಲಿ ಅಸ್ಥಿಗಳೂ ಮಡಕೆಗಳೂ ಕಬ್ಬಿಣದ ಆಯುಧಗಳೂ ದೊರೆತುವು. ಜನರು ಈ ಕಲ್ಮನೆಗಳನ್ನು ಮೋರ್ಯರ ಮನೆಗಳೆಂದು ಕರೆದು, ಹಿಂದೆ ಇದ್ದು ಅಳಿದುಹೋದ ಕುಳ್ಳರ ವಾಸಸ್ಥಾನವೆಂದು ಹೇಳುತ್ತಿದ್ದರು. ತಮ್ಮ ಪೂರ್ವಿಕರವೆಂದು ಯಾರೂ ಹೇಳಿಕೊಳ್ಳಲಿಲ್ಲ.

ಹೀಗೆ ವಾರಸುದಾರರಿಲ್ಲದ ಸಮಾಧಿಗಳಿಗೆ ಟೇಲರನು ವಾರಸುದಾರರನ್ನು ಹುಡುಕಿದನು. ಐರ್ಲೆಂಡ್ ಬ್ರಿಟನ್ನುಗಳ ಶಿಲಾಸಮಾಧಿಗಳಿಗೂ ಇವಕ್ಕೂ ಇರುವ ಹೋಲಿಕೆ ಅವನನ್ನು ಬೆರಗುಗೊಳಿಸಿತು. ಮೊದಲು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ, ಅನಂತರ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯ ಗ್ರಂಥಮಾಲೆಯ 24ನೆಯ ಸಂಪುಟದಲ್ಲಿ, ಇವುಗಳನ್ನು ಕೆಲ್ಟ್, ಡ್ರೂಯಿಡ್ ಅಥವಾ ಶಕ ಜನರ ಸ್ಮಾರಕಗಳೆಂಬ ಹೆಸರಿನಿಂದಲೇ ವರ್ಣಿಸಿದನು. ಐರಿಷರ ಪೂರ್ವಜರೂ ಸುರಪುರದ ಈ ಮೃತರೂ ಒಂದೇ ಬುಡದ ಕೊಂಬೆಗಳೆಂಬುದು ಇದರ ತಾತ್ಪರ್ಯ.

ಈ ಅನುಮಾನವನ್ನು ಪರೀಕ್ಷಿಸಿದರೆ ಹೇತುವು ವ್ಯಭಿಚರಿಸುವುದು. ರಂಧ್ರವುಳ್ಳ ಕಲ್ಮನೆಗಳು ಕಾಕಸಸ್ ಪರ್ವತಪ್ರಾಂತದಲ್ಲಿಯೂ ಇವೆ. ಆಕಾರಸಾಮ್ಯವೊಂದೇ ಸಾಕಾದರೆ ಸಂಬಂಧಕ್ಕೆ ಮೇರೆಯೇ ಇರುವುದಿಲ್ಲ. ಕಾಲವಂತೂ ಸ್ಪಷ್ಟವಾಗಿ ವಿರೋಧಿಸುವುದು. ಐರ್ಲೆಂಡಿನ ನ್ಯೂಗ್ರೇಂಜ್ ಸಮಾಧಿಯ ಕಾಲ ಸುಮಾರು ಕ್ರಿ. ಪೂ. 3200, ಅದನ್ನು ಕಟ್ಟಿದವರು ಲೋಹವನ್ನು ಅರಿಯರು. ದಕ್ಷಿಣದ ಶಿಲಾಸಮಾಧಿಗಳಾದರೋ ಮುಖ್ಯವಾಗಿ ಕಬ್ಬಿಣದ ಯುಗದವು, ಕ್ರಿ. ಪೂ. ಒಂದನೆಯ ಸಹಸ್ರಮಾನದವು. ಬ್ರಹ್ಮಗಿರಿಯಲ್ಲಿ 1947ರಲ್ಲಿಯೂ ಮಸ್ಕಿಯಲ್ಲಿ 1954ರಲ್ಲಿಯೂ ನಡೆದ ಉತ್ಖನನಗಳಲ್ಲಿ ಕಬ್ಬಿಣದೊಡನೆ ಕಪ್ಪು-ಕೆಂಪು ಮಡಕೆಗಳು ದೊರೆತುವು. ಸುರಪುರ ಸೀಮೆಯ ಸಮಾಧಿಗಳ ಬಳಗವು ನೆರೆಯಲ್ಲಿಯೇ ಇರುವುದು. ಇನ್ನೊಂದು ವಿಶೇಷವುಂಟು. ಐರ್ಲೆಂಡಿನ ಪ್ರಾಚೀನ ಅಸ್ಥಿಗಳ ಅನುವಂಶಿಕ ಪರೀಕ್ಷೆಯು 2016ರಲ್ಲಿ ಪ್ರಕಟವಾಯಿತು. ನವಶಿಲಾಯುಗದ ರೈತರಿಗಿಂತ, ಅವರ ಬಳಿಕ ಕಂಚಿನ ಯುಗದಲ್ಲಿ ಅಲ್ಲಿದ್ದ ಜನರೇ ಇಂದಿನ ಐರಿಷರಿಗೆ ಹೆಚ್ಚು ಹತ್ತಿರದವರೆಂದು ಅದರಿಂದ ತಿಳಿದುಬಂದಿತು. ತಮ್ಮ ನೆಲದ ಕಲ್ಮನೆಗಳಿಗೇ ಐರಿಷರು ನೇರವಾದ ವಾರಸುದಾರರಲ್ಲದಿರುವಾಗ ರಾಜನಕೋಳೂರಿನ ಮಾತೇನು?

ಆದುದರಿಂದ ವಂಶಶೋಧಕರಿಗೆ ಮೊದಲನೆಯ ಮಾರ್ಗವೇ ಶರಣ್ಯ. ಅದೂ ನಿಷ್ಕಂಟಕವಲ್ಲ. 1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ದಾಖಲೆಗಳ ಭಂಡಾರವು ಅಂತಃಕಲಹದಲ್ಲಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಭಾಗವೂ ಅಸಂಖ್ಯ ಮರಣಶಾಸನಗಳೂ ಚರ್ಚುಗಳ ಜನನ ಮರಣಪುಸ್ತಕಗಳೂ ಭಸ್ಮವಾದುವು. ಪೂರ್ಣವಾಗಿ ಉಳಿದುಬಂದ ಗಣತಿಗಳಲ್ಲಿ 1901ರದೇ ಅತ್ಯಂತ ಹಳೆಯದು. ಅದಕ್ಕೆ ಹಿಂದಿನವರನ್ನು ಅರಸುವವರು, 1847ರಿಂದ 1864ರವರೆಗೆ ಅಚ್ಚಾದ ಗ್ರಿಫಿತ್ತನ ಭೂಮೌಲ್ಯಪಟ್ಟಿಯಲ್ಲಿ ಹಿಡುವಳಿದಾರರ ಹೆಸರುಗಳನ್ನು ಹೆಕ್ಕುವರು. ಬಡಗನಾಡಿನ ಒಕ್ಕಲು ಮನೆತನಗಳಿಗೆ ಇಂಥ ಕಚೇರಿ ಇರಲಿಲ್ಲ. ಎತ್ತನ್ನೇರಿ ಊರೂರು ತಿರುಗುವ ಹೆಳವರಿದ್ದರು. ಅವರು ಒಕ್ಕಲ ಮನೆಯ ಅಂಗಳದಲ್ಲಿ ನಿಂತು ತಲೆತಲಾಂತರದ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು ಕಾಣಿಕೆಗಳನ್ನು ಪಡೆದು ಮುಂದಕ್ಕೆ ಹೋಗುವರು. ಒಂದೇ ಭಂಡಾರವು ಒಂದು ದಿನದಲ್ಲಿ ಬೆಂದೀತು. ಹಲವು ಮನೆತನಗಳ ನಾಲಗೆಯ ಮೇಲೂ ಹೊತ್ತಗೆಗಳಲ್ಲಿಯೂ ಹಂಚಿಹೋದ ವಂಶಾವಳಿ ಹಾಗೆ ಬೇಯದು. ಆದರೆ ಕೇಳುವವರಿಲ್ಲದಿದ್ದರೆ ಅದೂ ಮೌನವಾಗುವುದು.

ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಸಾಪಿಂಡ್ಯವು ಏಳನೆಯ ಪುರುಷನಲ್ಲಿ ನಿಲ್ಲುವುದೆಂದೂ, ಸಮಾನೋದಕತ್ವವು ಜನ್ಮನಾಮಗಳು ಅರಿಯದೆ ಹೋದಲ್ಲಿ ನಿಲ್ಲುವುದೆಂದೂ ವಿಧಿಸಿದೆ. ಹೆಸರು ಎಲ್ಲಿಯವರೆಗೋ ಬಾಂಧವ್ಯವೂ ಅಲ್ಲಿಯವರೆಗೇ ಎಂಬ ಈ ನಿರ್ಣಯವು ಇಂದಿನ ಶೋಧಕರಿಗೂ ಪ್ರಮಾಣವಾಗತಕ್ಕುದು. ಮೋರ್ಯರ ಹೆಸರುಗಳು ಅಳಿದಿವೆ. ಅವರನ್ನು ಐರಿಷರಿಗಾಗಲಿ ಇಂದಿನ ಯಾವುದೊಂದು ಕುಲಕ್ಕಾಗಲಿ ಕಟ್ಟಿಕೊಡಲು ಆಧಾರವಿಲ್ಲ.

ಟೇಲರನ ಊಹೆ ಬಿದ್ದರೂ ಅವನ ಪರಿಶ್ರಮವು ವ್ಯರ್ಥವಾಗಲಿಲ್ಲ. ಅಗೆತದಲ್ಲಿ ಕಂಡ ಮಣ್ಣಿನ ಪದರಗಳನ್ನು ಅವನು ಕಂಡಂತೆಯೇ ಚಿತ್ರಿಸಿದನು. ಬ್ರಹ್ಮಗಿರಿಯನ್ನು ಅಗೆಯಿಸಿದ ಮಾರ್ಟಿಮರ್ ವ್ಹೀಲರನು ಆ ಚಿತ್ರಗಳನ್ನು ಶ್ಲಾಘಿಸಿರುವನು. ವೆಂಕಟಪ್ಪ ನಾಯಕನು 1858ರಲ್ಲಿ ಆಂಗ್ಲರ ವಿರುದ್ಧ ಎದ್ದು, ಸೆರೆಸಿಕ್ಕಿ, ಅದೇ ವರ್ಷ ಮಡಿದನು. ಆ ರಾಜನು ಟೇಲರನನ್ನು ಅಪ್ಪಾ ಎಂದು ಕರೆಯುತ್ತಿದ್ದನು. ಯಾವ ವಂಶಾವಳಿಯಲ್ಲಿಯೂ ಸೇರದ ಆ ಸಂಬಂಧಕ್ಕೆ ಸಾಕ್ಷಿಯುಂಟು, ಟೇಲರನ ಆತ್ಮಚರಿತ್ರೆಯೇ ಅದನ್ನು ಹೇಳುವುದು. ಸಮಾಧಿಗಳ ಮೂಲಕ ಅವನು ಕಲ್ಪಿಸಿದ ಸಂಬಂಧಕ್ಕೆ ಸಾಕ್ಷಿಯಿಲ್ಲ. ಚರಿತ್ರಕಾರರು ಸಾಕ್ಷಿಯಿದ್ದುದನ್ನು ಬರೆಯಬೇಕು. ಇಲ್ಲದಲ್ಲಿ ಕಲ್ಲುಗಳನ್ನು ಅಳೆದು, ಚಿತ್ರಿಸಿ, ಇದ್ದಂತೆ ಕಾಪಾಡಬೇಕು.