ಉಪ್ಪು ಹೇಳಿದ ಲೆಕ್ಕ

ಕುಮಟಾ ತಾಲೂಕಿನ ಸಾಣಿಕಟ್ಟೆಯ ಉಪ್ಪು ಭಟ್ಕಳ, ಹೊನ್ನಾವರದ ಮನೆಗಳಿಗೆ ಹೊಸದೇನಲ್ಲ. ಉಪ್ಪು ಅಗ್ಗದ ವಸ್ತು. ಅದನ್ನು ಯಾರೂ ಕದಿಯುವುದಿಲ್ಲ ಎಂದೇ ನಾವು ಭಾವಿಸುತ್ತೇವೆ. ಈ ಅಗ್ಗದ ಗುಣವೇ 1947ರಲ್ಲಿ ದೆಹಲಿಯಲ್ಲಿ ಒಂದು ಸತ್ಯವನ್ನು ಹೊರತಂದಿತು. ಅದನ್ನು 'ಸ್ಟಾಟಿಸ್ಟಿಕ್ಸ್ ಅಂಡ್ ಟ್ರುಥ್' ಎಂಬ ಕೃತಿಯಲ್ಲಿ ದಾಖಲಿಸಿದವರು ನಮ್ಮ ನಾಡಿನಲ್ಲೇ ಹುಟ್ಟಿದ ಪ್ರೊ. ಸಿ. ಆರ್. ರಾವ್.

1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯ ತೆಲುಗು ಕುಟುಂಬವೊಂದರಲ್ಲಿ ಜನಿಸಿದ ರಾವ್, ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಗಣಿತ ಕಲಿತು ಕೆಲಸ ಅರಸಿ ಕಲ್ಕತ್ತೆಗೆ ಹೋದರು. ಕೆಲಸ ಸಿಗಲಿಲ್ಲ. 1941ರಲ್ಲಿ ಮಹಾಲನೋಬಿಸ್ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. 1945ರಲ್ಲಿ ಅವರು ಪ್ರಕಟಿಸಿದ ಒಂದು ಲೇಖನ, ಯಾವುದೇ ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲದು ಎಂಬುದಕ್ಕೆ ಮಿತಿ ಹಾಕಿಕೊಟ್ಟಿತು. ಜಗತ್ತು ಅದನ್ನು 'ಕ್ರಾಮರ್-ರಾವ್ ಮಿತಿ' ಎಂದು ಕರೆಯುತ್ತದೆ.

1946ರಲ್ಲಿ ಅವರು ಕೇಂಬ್ರಿಜ್‌ಗೆ ಹೋದದ್ದು ಗಣಿತ ವಿಭಾಗದ ಕರೆಯ ಮೇಲಲ್ಲ, ಮಾನವಶಾಸ್ತ್ರ ವಸ್ತುಸಂಗ್ರಹಾಲಯದ ಕೆಲಸಕ್ಕೆ. ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳ ಅಳತೆಗಳಿಂದ, ಆ ಜನರಿಗೆ ಯಾವ ಜನಸಮುದಾಯಗಳು ಹತ್ತಿರವೆಂದು ಅರಿಯಬೇಕಿತ್ತು. ಆ ಕೆಲಸದ ನಡುವೆಯೇ ಆರ್. ಎ. ಫಿಶರ್ ಮಾರ್ಗದರ್ಶನದಲ್ಲಿ 1948ರಲ್ಲಿ ಪಿಎಚ್.ಡಿ. ಪಡೆದರು. ಅಸ್ಥಿಗಳ ಪ್ರಶ್ನೆಯಿಂದಲೇ ಗಣಿತಕ್ಕೆ ಹೊಸ ದಾರಿ ತೆರೆಯಿತು.

ಇನ್ನು ಉಪ್ಪಿನ ವಿಷಯ. ವಿಭಜನೆಯ ಗಲಭೆಗಳಲ್ಲಿ ಅಲ್ಪಸಂಖ್ಯಾತ ಸಮುದಾಯದ ಬಹಳಷ್ಟು ಜನ ಕೆಂಪುಕೋಟೆಯಲ್ಲಿ ಆಶ್ರಯ ಪಡೆದಿದ್ದರು. ಅವರಿಗೆ ಊಟ ಒದಗಿಸುವ ಗುತ್ತಿಗೆದಾರರು ಕೊಟ್ಟ ಬಿಲ್ಲುಗಳು ಉಬ್ಬಿದಂತೆ ಕಂಡವು. ಒಳಗೆ ಹೋಗಿ ತಲೆ ಎಣಿಸುವಂತಿರಲಿಲ್ಲ. ಸಂಖ್ಯಾಶಾಸ್ತ್ರಜ್ಞ ಜೆ. ಎಂ. ಸೇನ್‌ಗುಪ್ತ ಸೂಚಿಸಿದ ದಾರಿ ಸರಳ: ಒಬ್ಬನಿಗೆ ದಿನಕ್ಕೆ ಬೇಕಾಗುವ ಅಕ್ಕಿ, ಬೇಳೆ, ಉಪ್ಪು ಎಷ್ಟೆಂದು ತಿಳಿದರೆ, ಬಿಲ್ಲಿನ ಮೊತ್ತವನ್ನು ಅದರಿಂದ ಭಾಗಿಸಿದರೆ ಜನಸಂಖ್ಯೆ ಸಿಗಬೇಕು. ಅಕ್ಕಿಯ ಲೆಕ್ಕ ಅತಿ ಹೆಚ್ಚು ಜನರನ್ನು ತೋರಿಸಿತು, ಉಪ್ಪಿನದು ಅತಿ ಕಡಿಮೆ. ಅಕ್ಕಿ ದುಬಾರಿ, ಸುಳ್ಳು ಹೇಳಿದರೆ ಲಾಭ. ಉಪ್ಪಿನಲ್ಲಿ ಸುಳ್ಳಿಗೆ ಲಾಭವಿಲ್ಲ. ಆದ್ದರಿಂದ ಉಪ್ಪಿನ ಲೆಕ್ಕವನ್ನೇ ನಂಬಲಾಯಿತು. ಹುಮಾಯೂನ್ ಗೋರಿಯ ಚಿಕ್ಕ ಶಿಬಿರದಲ್ಲೂ ಈ ವಿಧಾನ ಸರಿಯೆನಿಸಿತು.

ರಾವ್ ನಂತರ ಅದೇ ಸಂಸ್ಥೆಯ ನಿರ್ದೇಶಕರಾದರು, ಅಮೆರಿಕದಲ್ಲಿ ಪಾಠ ಹೇಳಿದರು. 2001ರಲ್ಲಿ ಪದ್ಮವಿಭೂಷಣ, 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದವು. ಅದೇ ವರ್ಷದ ಆಗಸ್ಟ್ 22ರಂದು, 102ರ ವಯಸ್ಸಿನಲ್ಲಿ ನಿಧನರಾದರು.

ಒಂದು ಸಮುದಾಯದ ಜನಸಂಖ್ಯೆಯನ್ನು ಮುಂದಿಟ್ಟು ಇನ್ನೊಂದನ್ನು ಹೆದರಿಸುವುದು ಸುಲಭ. ಅಂಥ ಅಂಕಿಗಳು ಎದುರಾದಾಗ ನಾವು ಕೇಳಬೇಕಾದ ಪ್ರಶ್ನೆಯನ್ನು ಕೆಂಪುಕೋಟೆಯ ಲೆಕ್ಕ ಕಲಿಸಿಕೊಟ್ಟಿದೆ: ಈ ಅಂಕಿಯನ್ನು ಉಬ್ಬಿಸಿದರೆ ಯಾರಿಗೆ ಲಾಭ?